ಬಿದ್ದವರು, ಎದ್ದವರು ಮತ್ತು ನನ್ನ ಎಡಗಾಲು

ಫುಟ್‌ಬಾಲ್ ಮೈದಾನದಲ್ಲಿ ಸೀಟಿ ಹಿಡಿದು ನಿಂತವರು ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ವಾರಕ್ಕೊಬ್ಬ ತಾನಾಗಿ ಎದುರಿಗೇ ಬಂದು ಬೀಳುತ್ತಾನೆ.

ನಾನು ಚಿತ್ತಾಪುರದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ವಾರದ ಆರು ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸ, ಭಾನುವಾರ ದೊಡ್ಡವರನ್ನು ನಿಲ್ಲಿಸುವ ಕೆಲಸ. ರೆಫರಿ ಪರೀಕ್ಷೆ ಪಾಸು ಮಾಡಿದವಳು, ಅಂಗಿಗೆ ಹಚ್ಚಿಕೊಳ್ಳುವ ಬಿಲ್ಲೆಯೂ ಇದೆ. ಸೇಡಂ, ಚಿಂಚೋಳಿ, ವಾಡಿ, ಶಹಾಬಾದ್, ಎಲ್ಲಿ ಟೂರ್ನಮೆಂಟ್ ಇದ್ದರೂ ಮೊದಲ ಸುತ್ತಿನ ಪಂದ್ಯಗಳಿಗೆ ನನ್ನ ಸೀಟಿ ಬೇಕು. ಆದರೆ ಫೈನಲ್ ಬಂತೆಂದರೆ ಸೀಟಿ ಹೋಗಿ ಕೈಗೆ ಬಾವುಟ ಬರುತ್ತದೆ. ಗೆರೆಯ ಹೊರಗೆ ಓಡಾಡಬೇಕು, ಚೆಂಡು ಹೊರಗೆ ಹೋದರೆ ಬಾವುಟ ಎತ್ತಬೇಕು, ಅಷ್ಟೆ.

ಇದನ್ನು ನಿರ್ಧರಿಸುವವರು ನಮ್ಮ ಹಿರಿಯ ರೆಫರಿ ಸರ್. ಮೂರು ವರ್ಷದ ಹಿಂದೆ ದಕ್ಷಿಣದ ಕಡೆಯಿಂದ ಸೇಡಂಗೆ ವರ್ಗವಾಗಿ ಬಂದವರು. ಕೇಳಿದಾಗಲೆಲ್ಲಾ ಮೃದುವಾಗಿ ಹೇಳುತ್ತಿದ್ದರು: "ಫೈನಲ್ ಅಂದ್ರೆ ತುಂಬಾ ಪ್ರೆಷರ್ ಇರತ್ತೆ ಮೇಡಂ. ನಿಮಗ್ಯಾಕೆ ತೊಂದರೆ?" ಹೀಗೆ ವಾಡಿಯ ಟೂರ್ನಮೆಂಟ್ ಒಂದರಲ್ಲೇ ಮೂರು ವರ್ಷ, ಮೂರು ಫೈನಲ್, ಮೂರು ಬಾವುಟ. ಮೊಣಕಾಲು ಕೈಕೊಡುವ ಮೊದಲು ಒಂದೇ ಒಂದು ಫೈನಲ್‌ಗೆ ಸೀಟಿ ಊದಬೇಕು ಅನ್ನುವುದು ನನ್ನ ಆಸೆ. ಚಿನ್ನದ ಸರಕ್ಕೂ ನಾನು ಅಷ್ಟು ಆಸೆಪಟ್ಟವಳಲ್ಲ. ಆ ಆಸೆ ಹೇಗೆ ತೀರಿತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು ಬಿದ್ದವರ ಸುದ್ದಿ.

ಮೆತ್ತಗಿನ ಜಾಗ

ಶಹಾಬಾದಿನಲ್ಲಿ ಮನೆಯ ನೆಲ, ಗೋಡೆ, ಕಟ್ಟೆ, ಕಾಂಪೌಂಡು ಎಲ್ಲವೂ ಫರ್ಸಿಕಲ್ಲು. ನಾವು ಆಡುವ ಮೈದಾನದ ನಡುಭಾಗದಲ್ಲೂ ಅದರ ಚೂರುಗಳು ಮಣ್ಣಿನಿಂದ ತಲೆ ಎತ್ತಿಕೊಂಡು ಕೂತಿರುತ್ತವೆ. ಒಂದು ಗೋಲಿನ ಮುಂದೆ ಮಾತ್ರ, ನೀರಿನ ಟಾಕಿ ಸೋರಿ ಸೋರಿ, ಒಂದು ಚಾಪೆಯಷ್ಟು ಹಸಿರು ಹುಲ್ಲು ಬೆಳೆದಿದೆ.

ವಾಡಿ ತಂಡದಲ್ಲಿ ಒಂಬತ್ತನೇ ನಂಬರಿನ ಆಟಗಾರನೊಬ್ಬನಿದ್ದಾನೆ. ಹೈದರಾಬಾದಿನ ಕಡೆ ಸಂಬಳ ಕೊಟ್ಟು ಆಡಿಸುವ ತಂಡದಲ್ಲಿ ಎರಡು ಸೀಸನ್ ಆಡಿ ಬಂದವನು. ಸಂಬಳ ಪಡೆದ ಕಾಲು ಅಂತ ಊರಲ್ಲಿ ಆ ಕಾಲಿಗೆ ಭಾರಿ ಮರ್ಯಾದೆ. ಅಲ್ಲಿಂದ ಅವನು ಗೋಲು ಹೊಡೆಯುವುದರ ಜೊತೆಗೆ ಬೀಳುವುದನ್ನೂ ಕಲಿತು ಬಂದಿದ್ದ. ಬಂದವನು ಇಲ್ಲಿನವರಿಗೂ ಕಲಿಸಿದ. "ನಮ್ಮವ್ರು ಮೊದಲ ಬಿದ್ದು ಆಮ್ಯಾಲ ಒದರ್ತಾರ, ಅದಕ್ಕ ಸಿಕ್ಕೊಂಡು ಬೀಳ್ತಾರ. ಮೊದಲ ಒದರಬೇಕು, ಆಮ್ಯಾಲ ಬೀಳಬೇಕು" ಅಂತ ಅವನು ಪಾಠ ಹೇಳುತ್ತಿದ್ದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಆವತ್ತು ನಡುಗೆರೆಯ ಹತ್ತಿರ ಎದುರಾಳಿಯೊಬ್ಬನ ಭುಜ ಇವನಿಗೆ ತಗುಲಿತು. ತಗುಲಿದ್ದೇ ತಡ, "ಅಯ್ಯಯ್ಯೋ" ಅಂದ. ಆದರೆ ಬೀಳಲಿಲ್ಲ. ಕುಂಟುತ್ತಾ, ತೂರಾಡುತ್ತಾ, ಒಂದು ಕಾಲೆಳೆಯುತ್ತಾ ನಲವತ್ತು ಹೆಜ್ಜೆ ಓಡಿ, ಗೋಲಿನ ಮುಂದಿನ ಹುಲ್ಲಿನ ಚಾಪೆ ಸಿಕ್ಕ ಮೇಲೆ ನೀಟಾಗಿ ಬಿದ್ದು, ಎರಡು ಸಲ ಉರುಳಿ, ಪೆನಾಲ್ಟಿ ಕೊಡಿರೆಂದು ಕೈ ಎತ್ತಿದ.

ನಾನು ಹತ್ತಿರ ಹೋಗಿ ಕೇಳಿದೆ. "ಪೆಟ್ಟು ಬಿದ್ದದ್ದು ಎಲ್ಲಪ್ಪಾ?"

"ಅಲ್ಲಿ ರೀ ಮೇಡಂ," ಅಂತ ನಡುಗೆರೆಯ ಕಡೆ ಕೈ ಮಾಡಿದ.

"ಮತ್ತ ನೀ ಬಿದ್ದದ್ದು ಇಲ್ಲಿ ಯಾಕ?"

ಅವನು ನನ್ನನ್ನು ಏನೂ ತಿಳಿಯದವಳನ್ನು ನೋಡುವ ಹಾಗೆ ನೋಡಿ ಹೇಳಿದ: "ಅಲ್ಲಿ ಕಲ್ಲದಾವಲ್ರೀ ಮೇಡಂ. ಬಿದ್ರ ಪೆಟ್ಟಾಗ್ತದ."

ಹೊರಸಿನ ಡಾಕ್ಟರು

ಬಿದ್ದವರಲ್ಲಿ ನಿಜ ಯಾರು, ಸೋಗು ಯಾರು ಎಂದು ಗುರುತಿಸಲು ನನ್ನದೇ ಒಂದು ಪರೀಕ್ಷೆ ಇದೆ. ಬಿದ್ದವನ ಕೈ ನೋಡುತ್ತೇನೆ. ನಿಜವಾದ ನೋವಿಗೆ ಒಂದೇ ವಿಳಾಸ. ಸುಳ್ಳು ನೋವು ಮನೆ ಬದಲಿಸುತ್ತಿರುತ್ತದೆ. ಮೊದಲು ಮೊಣಕಾಲು ಹಿಡಿದವನು ಎರಡು ನಿಮಿಷಕ್ಕೆ ಪಾದ ಹಿಡಿದಿರುತ್ತಾನೆ, ಎಬ್ಬಿಸುವ ಹೊತ್ತಿಗೆ ಭುಜಕ್ಕೆ ಬಂದಿರುತ್ತಾನೆ.

ಸುಲೇಪೇಟದಲ್ಲಿ ಚಿಂಚೋಳಿ ಕಡೆಯ ತಂಡವೊಂದು ಒಂದು ಗೋಲಿನಿಂದ ಮುಂದಿತ್ತು. ಇನ್ನು ಹತ್ತು ನಿಮಿಷ ಕಳೆದರೆ ಮುಂದಿನ ಸುತ್ತು ಅವರದು. ಹತ್ತು ನಿಮಿಷ ಕಳೆಯಲು ಆ ತಂಡದ ನಾಯಕ ಮೈದಾನದ ನಡುವೆ ಮಲಗಿಬಿಟ್ಟ. ಕೈ ನೋಡಿದೆ. ನೋವು ಆಗಲೇ ಎರಡು ಮನೆ ಬದಲಿಸಿತ್ತು.

"ಹೊರಗ ಒಯ್ಯರ್ರಿ ಇವನ್ನ," ಅಂದೆ. ಸ್ಟ್ರೆಚರ್ ಎಲ್ಲಿದೆ? ಕಮಿಟಿಯವರು ಹಾರ, ಶಾಲು, ಪೆಂಡಾಲು, ಮೈಕು ಎಲ್ಲಾ ನೆನಪಿಟ್ಟು ಅದೊಂದನ್ನು ಮರೆತಿದ್ದರು. ಇಬ್ಬರು ಓಡಿಹೋಗಿ ಮೈದಾನದ ಪಕ್ಕದ ಮನೆಯ ಅಂಗಳದಿಂದ ಹಗ್ಗ ಹೆಣೆದ ಮಂಚವೊಂದನ್ನು, ನಮ್ಮ ಕಡೆಯ ಹೊರಸನ್ನು, ಹೊತ್ತು ತಂದರು. ಅದರ ಹಿಂದೆಯೇ ಆ ಮನೆಯ ಅಜ್ಜಿ ಏನೋ ಕೂಗುತ್ತಾ ಬರುತ್ತಿದ್ದಳು. ಪಂದ್ಯದ ಗದ್ದಲದಲ್ಲಿ ಹೊರಸಿನ ಮಾತು ಯಾರು ಕೇಳುತ್ತಾರೆ?

ನಾಯಕನನ್ನು ಹೊರಸಿನ ಮೇಲೆ ಮಲಗಿಸಿದರು. ನಾಲ್ಕು ಮಂದಿ ಎತ್ತಿದರು. "ಸತ್ತ್ಯೋ! ಇಳಸ್ರಿ, ಇಳಸ್ರಿ!" ಅಂದ. ಇಳಿಸಿದರು. ಮತ್ತೆ ಎತ್ತಿದರು, ಮತ್ತೆ ಒದರಿದ. ಮೂರು ಸಲ ಹೀಗೇ ಆಯಿತು. ನಾನು ಗಡಿಯಾರ ತೋರಿಸಿದರೂ ಅವನ ಕಣ್ಣು ಮುಚ್ಚಿಯೇ ಇತ್ತು, ಮುಖದ ಮೇಲೆ ಒಂದು ಸಣ್ಣ ನೆಮ್ಮದಿ ಬೇರೆ.

ನಾಲ್ಕನೇ ಸಲ ಅವರು ಎತ್ತುವ ಮೊದಲೇ ಅವನು ಒಂದು ಕಣ್ಣು ತೆಗೆದ. ತೊಡೆ ಕೆರೆದುಕೊಂಡ. ಬೆನ್ನು ಕೆರೆದುಕೊಂಡ. ಆಮೇಲೆ ಎರಡೂ ಕೈಯಿಂದ ಎಲ್ಲೆಂದರಲ್ಲಿ ಕೆರೆದುಕೊಳ್ಳುತ್ತಾ ಹೊರಸಿನಿಂದ ಹಾರಿ, ಆವತ್ತು ಇಡೀ ಪಂದ್ಯದಲ್ಲಿ ಓಡದಷ್ಟು ಜೋರಾಗಿ ಮೈದಾನದ ಸುತ್ತ ಓಡಿದ.

ಅಜ್ಜಿ ಅಷ್ಟರಲ್ಲಿ ನನ್ನ ಹತ್ತಿರ ಬಂದು ಏದುಸಿರು ಬಿಡುತ್ತಾ ಹೇಳಿದಳು: "ಎರಡು ತಿಂಗಳಾತು ಬಿಸಲಿಗಿ ಹಾಕಿಲ್ಲವಾ ಅದನ್ನ. ತಗಣಿ ಬಿದ್ದಾವ, ಒಯ್ಯಬ್ಯಾಡ್ರೋ ಅಂತ ಆಗಿಂದ ಒದರ್ಲಿಕತ್ತೀನಿ. ನನ್ನ ಮಾತ ಯಾರು ಕೇಳ್ತಾರ?"

ಮುಂದಿನ ಭಾನುವಾರದ ಪಂದ್ಯಕ್ಕೂ ಅದೇ ಹೊರಸು ತರಿಸಿ ಗೆರೆಯ ಪಕ್ಕ ಇಡಿಸಿದೆ. ಎರಡೂ ತಂಡದಲ್ಲಿ ಒಬ್ಬನೂ ಬೀಳಲಿಲ್ಲ. ಸಮಾರೋಪದಲ್ಲಿ ಕಮಿಟಿಯವರು ಅಜ್ಜಿಗೆ ಶಾಲು ಹೊದಿಸಿದರು. ಹೊರಸಿಗೂ ಒಂದು ಹಾರ ಹಾಕಿದರು. ಹಾಕಿದವರು ಮಾತ್ರ ದೂರ ನಿಂತು ಎಸೆದರು.

ನೇಮಕವಿಲ್ಲದ ರೆಫರಿ

ವಾಡಿಯ ಮೈದಾನದ ಬೆನ್ನಿಗೇ ರೈಲ್ವೆ ಹಳಿ. ಜಂಕ್ಷನ್ ಊರು, ಗಳಿಗೆಗೊಂದು ಗಾಡಿ. ಒಮ್ಮೆ ಒಂದು ತಂಡ ಚೆಂಡು ತೆಗೆದುಕೊಂಡು ಗೋಲಿನ ಕಡೆ ಹೋಗುತ್ತಿರುವಾಗ ಗೂಡ್ಸ್ ಗಾಡಿಯೊಂದು ಜೋರಾಗಿ ಸೀಟಿ ಹೊಡೆಯಿತು. ಗೋಲು ಕಾಯುತ್ತಿದ್ದ ತಂಡದವರೆಲ್ಲಾ ಸೊಂಟದ ಮೇಲೆ ಕೈ ಇಟ್ಟು ನಿಂತುಬಿಟ್ಟರು. ಚೆಂಡು ಸಾವಕಾಶವಾಗಿ ಗೋಲಿನ ಒಳಗೆ ಹೋಯಿತು.

"ಸೀಟಿ ಆಗ್ಯದ್ರೀ ಮೇಡಂ! ಅದಕ್ಕ ನಿಂತೀವಿ!" ಅಂತ ಹನ್ನೊಂದು ಮಂದಿ ನನ್ನ ಸುತ್ತ ಮುತ್ತಿದರು.

"ನಾ ಹೊಡದಿಲ್ಲಪ್ಪಾ. ಹೊಡದವ್ರನ್ನ ಹೋಗಿ ಕೇಳ್ರಿ," ಅಂದೆ. "ಲಗೂನ ಹೋಗ್ರಿ, ಇಷ್ಟೊತ್ತಿಗಿ ನಾಲವಾರ ಸ್ಟೇಶನ್ ದಾಟಿರಬೇಕು."

ಹಳದಿ ಚೀಟಿ

ದಂಡೋತಿಯಲ್ಲಿ ಕಾಗಿಣಾ ಹೊಳೆ ದಂಡೆಯ ಬಯಲಲ್ಲಿ ಪಂದ್ಯ. ಅಲ್ಲಿನ ಮೈಕಿನವನ ಉತ್ಸಾಹ ಹೇಳತೀರದು. ಚೆಂಡು ಹೊರಗೆ ಹೋದರೂ ಸುದ್ದಿ, ನಾಯಿ ಒಳಗೆ ಬಂದರೂ ಸುದ್ದಿ. ಅವನ ದನಿ ಹೊಳೆಯಾಚೆಗೂ ಕೇಳುತ್ತದೆ.

ಎರಡನೇ ಅರ್ಧದಲ್ಲಿ ಆ ಊರಿನ ಆಟಗಾರನೊಬ್ಬ ಎದುರಾಳಿಯ ಗೋಲಿನ ಮುಂದೆ ಬಿದ್ದು ಕಾಲು ಹಿಡಿದುಕೊಂಡ. ಅವನನ್ನು ಯಾರೂ ಮುಟ್ಟಿರಲಿಲ್ಲ. ಆದರೆ ಮೈಕಿನವನ ಕರುಳು ಚುರ್ ಅಂದಿತು. "ಬಂಧುಗಳೇ, ನಮ್ಮ ಊರಿನ ಹುಲಿಗೆ ಪೆಟ್ಟಾಗಿದೆ! ಕಾಲು ಮುರಿದಿರುವ ಸಂಭವ ಇದೆ! ಇನ್ನು ಮುಂದೆ ನಡೆಯುವುದು ಕಷ್ಟ ಇದೆ!" ಅಂತ ಹೊಳೆಯಾಚೆಗೆ ಕೇಳುವಂತೆ ಸಾರಿದ.

ಹುಲಿ ಮಲಗಿದಲ್ಲಿಂದಲೇ ನನ್ನನ್ನು ನೋಡಿತು. ಪೆನಾಲ್ಟಿ ಸಿಗುತ್ತದೋ ಇಲ್ಲವೋ ಅನ್ನುವ ನೋಟ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲಿ ಜನ ಸರಿಸಿಕೊಂಡು ರುಮಾಲಿನ ಹಿರಿಯರೊಬ್ಬರು ಗೆರೆ ದಾಟಿ ಒಳಗೇ ಬಂದರು. ಅವರ ಹಿಂದೆ ಮತ್ತಿಬ್ಬರು. ಅವರನ್ನು ಕಂಡದ್ದೇ ಹುಲಿಯ ಮುಖ ಬಿಳಿಚಿಕೊಂಡಿತು. ಆ ಹಿರಿಯರು ಅವನಿಗೆ ಹೆಣ್ಣು ಕೊಡಬೇಕಾದವರು. ಮಾತುಕತೆ ಮುಗಿಸಲು ಆವತ್ತೇ ಊರಿಗೆ ಬಂದು, ಹುಡುಗನ ಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾಗ ಮೈಕು ಕೇಳಿಸಿತ್ತು.

"ಕಾಲಿಗಿ ಏನಾಗ್ಯದ ತಮ್ಮಾ? ಮುರದದೇನು?" ಅಂತ ಹಿರಿಯರು ನಡುಗುವ ದನಿಯಲ್ಲಿ ಕೇಳಿದರು.

ಒಂದು ಕಡೆ ಪೆನಾಲ್ಟಿ, ಒಂದು ಕಡೆ ಹೆಂಡತಿ. ಹುಡುಗ ಹೆಚ್ಚು ಯೋಚಿಸಲಿಲ್ಲ. ಪಟ್ಟನೆ ಎದ್ದು, "ಏನೂ ಆಗಿಲ್ರಿ ಮಾಮಾ! ನೋಡ್ರಿ!" ಅಂತ ಎಡಗಾಲಲ್ಲಿ ನಾಲ್ಕು ಸಲ ಕುಪ್ಪಳಿಸಿದ, ಬಲಗಾಲಲ್ಲಿ ನಾಲ್ಕು ಸಲ ಕುಪ್ಪಳಿಸಿದ, ಗೋಲಿನ ಕಂಬದವರೆಗೆ ಓಡಿ ವಾಪಸ್ ಬಂದ.

ಸೋಗು ಹಾಕಿದವನು ರೆಫರಿಯ ಮುಂದೆಯೇ ಹೀಗೆ ಕುಣಿದರೆ ನಾನೇನು ಮಾಡಲಿ? ಜೇಬಿನಿಂದ ಹಳದಿ ಕಾರ್ಡು ತೆಗೆದು ತೋರಿಸಿದೆ. ಅವನು ಕೈಮುಗಿದು ಒಪ್ಪಿಕೊಂಡ. ನನ್ನ ಕೈಯ ಹಳದಿ ಕಾರ್ಡಿಗೆ ಕೈಮುಗಿದವನು ಅವನೊಬ್ಬನೇ.

ಹಿರಿಯರು ಅನುಮಾನದಿಂದ ಕೇಳಿದರು: "ಆ ಹಳದಿ ಚೀಟಿ ಏನಪ್ಪಾ? ಮೇಡಂ ಏನೋ ತೋರ್ಸಿದ್ರಲ್ಲ?"

"ಫಿಟ್ ಅದಾನ ಅಂತ ಸರ್ಟಿಫಿಕೇಟ್ ರೀ ಮಾಮಾ!"

ಆ ಬೇಸಿಗೆಯಲ್ಲೇ ಮದುವೆ ಆಯಿತು. ನನಗೂ ಪತ್ರಿಕೆ ಬಂದಿತ್ತು. ಅಕ್ಷತೆ ಹಾಕುವಾಗ ಮದುಮಗಳ ತಂದೆ ನನ್ನನ್ನು ನೆಂಟರಿಗೆ ಪರಿಚಯಿಸಿದರು: "ಇವ್ರೇ ನೋಡ್ರಿ, ಹುಡುಗಂದು ಕಾಲು ಪಾಸ್ ಮಾಡಿದ ಮೇಡಂ."

ಹೊಸ್ತಿಲ ಮುಂದಿನ ದವಾಖಾನೆ

ಇನ್ನು ನನ್ನ ಎಡಗಾಲಿನ ಸಂಗತಿ. ಹುಟ್ಟುವಾಗ ಎಲ್ಲರೂ ತಲೆ ಮುಂದಾಗಿ ಬಂದರೆ ನಾನು ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರ ಕಾಲಿಗೆ ಒಂದು ಗುಣವಿದೆ ಅಂತ ನಮ್ಮ ಕಡೆ ನಂಬಿಕೆ. ನಡ, ಅಂದರೆ ಸೊಂಟ, ಹಿಡಿದವರ ಬೆನ್ನಿಗೆ ಬರಿಗಾಲಿಂದ, ಅದೂ ಎಡಗಾಲಿಂದ, ಮೂರು ಸಲ ಮೆಲ್ಲಗೆ ಒದ್ದರೆ ಹಿಡಿದದ್ದು ಬಿಡುತ್ತದೆ. ಭಾನುವಾರ ಬೆಳಿಗ್ಗೆ ಒಬ್ಬಿಬ್ಬರಾದರೂ ಬಾಗಿಕೊಂಡು ನಮ್ಮ ಮನೆಗೆ ಬರುತ್ತಾರೆ. ಒದೆಯುವ ಕಾಲು ಮಾತ್ರ ನನ್ನದು, ದವಾಖಾನೆ ನಡೆಸುವವರು ನಮ್ಮತ್ತೆ.

ಅತ್ತೆ ಅವರನ್ನು ಹೊಸ್ತಿಲ ಮುಂದೆ ಬೋರಲು ಮಲಗಿಸುತ್ತಾರೆ. ಮಲಗಿಸುವ ಮೊದಲು ಒಂದು ಪ್ರಶ್ನೆ ತಪ್ಪದೆ ಕೇಳುತ್ತಾರೆ: "ಖರೇ ನೋವದಲ್ಲ?" ಯಾಕೆಂದರೆ ಈ ಚಿಕಿತ್ಸೆಗೆ ಇನ್ನೊಂದು ಮುಖವಿದೆ. ನೋವಿಲ್ಲದವರಿಗೆ ಒದ್ದರೆ ಇಲ್ಲದ ನೋವು ಬಂದು ಸೇರಿಕೊಳ್ಳುತ್ತದೆ. ಆಮೇಲೆ ಒದ್ದ ಕಾಲೇ ಮತ್ತೆ ಒದ್ದು ಅದನ್ನು ತೆಗೆಯಬೇಕು, ಬೇರೆ ಔಷಧವಿಲ್ಲ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದ ಅತ್ತೆ ಯಾರಿಗೂ ಬಿಡಿಸಿ ಹೇಳುವುದಿಲ್ಲ.

ನಾನು ನಂಬುತ್ತೇನೆಯೇ ಅಂತ ಕೇಳಬೇಡಿ. ತಣ್ಣನೆಯ ಫರ್ಸಿಯ ಮೇಲೆ ಐದು ನಿಮಿಷ ಅಲ್ಲಾಡದೆ ಬೋರಲು ಮಲಗಿದರೆ ಅರ್ಧ ಜನರ ನಡ ತಾನಾಗಿಯೇ ಬಿಡುತ್ತದೆ ಅಂತ ನನ್ನ ಓದು ಹೇಳುತ್ತದೆ. ಇದನ್ನು ನಾನು ಅತ್ತೆಯ ಮುಂದೆ ಹೇಳಿಲ್ಲ. ಸಂಸಾರ ನಡೆಯಬೇಕಲ್ಲ.

ಲಾಭವಂತೂ ಆಗಿದೆ. ನಮ್ಮ ಹೆಡ್‌ಮಾಸ್ತರು ಒಮ್ಮೆ ನನಗೆ ಎರಡು ದಿನ ರಜೆ ಕೊಡುವುದಿಲ್ಲ ಅಂತ ಶುಕ್ರವಾರ ಖಡಾಖಂಡಿತವಾಗಿ ಹೇಳಿದರು. ಭಾನುವಾರ ಬೆಳಿಗ್ಗೆ ಅವರೇ ಹೊಸ್ತಿಲ ಮುಂದೆ ಮಲಗಿದ್ದರು. ನಾನು ನನ್ನ ಕರ್ತವ್ಯ ಮಾಡಿದೆ. ಸೋಮವಾರ ರಜೆ ಮಂಜೂರಾಗಿತ್ತು. ಮೇಲಧಿಕಾರಿಯನ್ನು ಒದ್ದು ರಜೆ ಪಡೆದವಳು ಇಡೀ ಇಲಾಖೆಯಲ್ಲಿ ನಾನೊಬ್ಬಳೇ ಇರಬೇಕು.

ಫೈನಲ್ ದಿನದ ನೋವು

ಈ ವರ್ಷದ ವಾಡಿ ಟೂರ್ನಮೆಂಟಿನ ಫೈನಲ್‌ಗೆ ಬಂದದ್ದು ವಾಡಿ ಮತ್ತು ಶಹಾಬಾದ್. ಹೋದ ವರ್ಷವೂ ಇವೇ ಎರಡು. ಆಗ ಹಿರಿಯ ರೆಫರಿ ಸರ್ ಸೀಟಿ ಹಿಡಿದಿದ್ದರು. ಕೊನೆಯ ಗಳಿಗೆಯ ಒಂದು ತೀರ್ಪಿಗೆ ಎರಡೂ ಊರಿನ ಜನ ಅವರ ಮೇಲೆ ಚಪ್ಪಲಿ ಎಸೆದಿದ್ದರು. ಎಸೆದವರು ತಮಗೂ ಮನೆಗೆ ಹೋಗಲು ಬೇಕೆಂದು ಒಂದೊಂದೇ ಎಸೆದಿದ್ದರಿಂದ ಬಿದ್ದವುಗಳಲ್ಲಿ ಒಂದೂ ಜೋಡಿ ಇರಲಿಲ್ಲ.

ಈ ಸಲವೂ ಸೀಟಿ ಅವರದೇ, ಬಾವುಟ ನನ್ನದೇ ಅಂತ ಪಟ್ಟಿ ಬಂದಿತ್ತು. ಫೈನಲ್ ದಿನ ಬೆಳಿಗ್ಗೆ ನಾನು ಬಾವುಟ ಇಸ್ತ್ರಿ ಮಾಡುತ್ತಿದ್ದೆ. ಮನೆ ಮುಂದೆ ಜೀಪು ಬಂದು ನಿಂತಿತು. ಟೂರ್ನಮೆಂಟ್ ಕಮಿಟಿಯ ಅಧ್ಯಕ್ಷರು ಹಾರಿಕೊಂಡೇ ಇಳಿದರು.

"ಮೇಡಂ, ಲಗೂನ ಬರ್ರಿ! ಸರಂದು ನಡ ಹಿಡದದ! ಹಾಸಗಿಂದ ಏಳ್ಲಿಕ್ಕಾಗವಲ್ದು ಅಂತ ಮುಂಜಾನಿ ಫೋನ್ ಮಾಡಿದ್ರು. ನಮ್ಮ ಮೇಡಂ ಇರೋವಾಗ ನಡದ ಚಿಂತಿ ಯಾಕಂತ ಸೇಡಂಗೇ ಹೋಗಿ ಎತ್ತಾಕ್ಕೊಂಡು ಬಂದೀನಿ. ನಾಕು ಗಂಟೇಕ ಮ್ಯಾಚ್. ಹ್ಯಾಂಗರ ಮಾಡಿ ನಿಂದರಿಸ್ರಿ."

ಹಿಂದಿನ ಸೀಟಿನಿಂದ ಸರ್ ಇಳಿದರು. "ಬೇಡ ಬೇಡ ಅಂದೆ ಮೇಡಂ, ಇವರು ಕೇಳಲೇ ಇಲ್ಲ," ಅಂತ ನರಳಿದರು.

ನಾನು ಅಭ್ಯಾಸಬಲದಿಂದ ಕೈ ನೋಡಿದೆ. ಜೀಪಿನಿಂದ ಇಳಿಯುವಾಗ ಕೈ ಬಲಗಡೆ ಇತ್ತು. ಮೆಟ್ಟಿಲು ಹತ್ತುವಾಗ ಎಡಗಡೆಗೆ ಬಂತು. ಹೊಸ್ತಿಲು ಮುಟ್ಟುವ ಹೊತ್ತಿಗೆ ಕತ್ತಿನ ಮೇಲಿತ್ತು. ಇಷ್ಟು ಬೇಗ ಮನೆ ಬದಲಿಸುವ ನೋವನ್ನು ನಾನು ಯಾವ ಆಟಗಾರನಲ್ಲೂ ಕಂಡಿರಲಿಲ್ಲ.

ನಮ್ಮ ಕಣ್ಣು ಸೇರಿದವು. ನನಗೆ ಗೊತ್ತಾಯಿತು ಅಂತ ಅವರಿಗೂ ಗೊತ್ತಾಯಿತು. ಅಧ್ಯಕ್ಷರು ಆಚೆ ತಿರುಗಿದಾಗ ಪಿಸುಗುಟ್ಟಿದರು: "ಮೇಡಂ, ಮತ್ತೆ ಅದೇ ಎರಡು ಊರು. ಹೋದ ವರ್ಷದ ಚಪ್ಪಲಿ ನೆನಪಿದೆ ತಾನೇ?"

ಸುಳ್ಳು ಅಂತ ನಾನು ಬಾಯಿ ಬಿಟ್ಟರೆ ಸೀಟಿ ಅವರ ಕೊರಳಲ್ಲೇ ಉಳಿಯುತ್ತದೆ, ನನಗೆ ನಾಲ್ಕನೇ ಬಾವುಟ. ಸುಮ್ಮನಿದ್ದರೆ ಸೀಟಿ ನನ್ನದು. ಅಷ್ಟರಲ್ಲಿ ಅತ್ತೆ ಬಂದರು.

"ಖರೇ ನೋವದಲ್ರೀ ಸರ?"

"ತುಂಬಾ ನೋವಮ್ಮಾ! ಪ್ರಾಣ ಹೋಗ್ತಿದೆ!"

"ಹಂಗಾದ್ರ ಮಕ್ಕೋರಿ," ಅಂತ ಅತ್ತೆ ಹೊಸ್ತಿಲ ಮುಂದಿನ ನೆಲ ತೋರಿಸಿದರು.

ಹೊರಗಿನಿಂದ ಬಂದವರು, ಚಿಕಿತ್ಸೆಯ ಇನ್ನೊಂದು ಮುಖ ಅವರಿಗೆ ಗೊತ್ತಿಲ್ಲ. ಹೇಳಬಹುದಿತ್ತು. ಆದರೆ ಆ ಹೊತ್ತಿಗೆ ಸರಿಯಾಗಿ ನನ್ನ ನಾಲಗೆಯ ನಡ ಹಿಡಿದುಕೊಂಡಿತು. ಸರ್ ಮಲಗಿದರು. ಮೂರು ವರ್ಷದ ಮೂರು ಬಾವುಟ ನೆನೆಸಿಕೊಂಡು, ಬಾವುಟಕ್ಕೊಂದರಂತೆ ಮೂರು ಒದ್ದೆ. ಮೂರನೆಯದು ಸ್ವಲ್ಪ ಜೋರಾಗಿರಬಹುದು.

"ಹ್ಯಾಂಗದರೀ ಸರ?" ಅಂತ ಅಧ್ಯಕ್ಷರು ಆಸೆಯಿಂದ ಬಗ್ಗಿ ನೋಡಿದರು.

"ಇನ್ನೂ ಜಾಸ್ತಿ ಆಯ್ತು!"

"ಅಯ್ಯ ಶಿವನೆ. ಮತ್ತ ಸೀಟಿ ಯಾರಿಗಿ ಕೊಡೋದು?"

ಸರ್ ಮಲಗಿದಲ್ಲಿಂದಲೇ ಜೇಬಿಗೆ ಕೈಹಾಕಿ ಸೀಟಿ ತೆಗೆದು ನನ್ನ ಕಡೆ ಚಾಚಿದರು. "ಮೇಡಂ ಇದ್ದಾರಲ್ಲ. ಇವರು ತುಂಬ ಸಮರ್ಥರು ಅಂತ ನಾನು ಮೂರು ವರ್ಷದಿಂದ ಹೇಳ್ತಾನೇ ಇದ್ದೀನಿ."

ಅಧ್ಯಕ್ಷರು ತಲೆ ಕೆರೆದುಕೊಂಡು ಒಂದು ನಿಮಿಷ ಯೋಚಿಸಿದರು. "ಆಗ್ಲಿ ಬಿಡ್ರಿ. ಹೆಣ್ಮಕ್ಳ ಮ್ಯಾಲ ಚಪ್ಲಿ ಒಗೀಲಿಕ್ಕಿಲ್ಲ."

ಗೊತ್ತಿದ್ದೂ ಗೊತ್ತಿಲ್ಲದಂತೆ ನಾನು ಬಿಟ್ಟ ಸೋಗು ಅದೊಂದೇ.

ಎಡಗಾಲ ಬೂಟು

ಎರಡೂ ಊರು ಮೈದಾನದ ಸುತ್ತ ಕೂತಿತ್ತು. ನಮ್ಮತ್ತೆ ಜೀವಮಾನದಲ್ಲಿ ಮೊದಲ ಸಲ ಫುಟ್‌ಬಾಲ್ ನೋಡಲು ಬಂದಿದ್ದರು. ಸರ್ ನಡಕ್ಕೆ ಟವೆಲ್ ಸುತ್ತಿಕೊಂಡು, ಅಧ್ಯಕ್ಷರ ಪಕ್ಕದ ಫರ್ಸಿ ಬೆಂಚಿನ ಮೇಲೆ ಸೆಟೆದು ಕೂತಿದ್ದರು. ನನ್ನ ಕೊರಳಲ್ಲಿ ಸೀಟಿ. ಅದರ ತೂಕ ಆವತ್ತು ಬೇರೆಯೇ ಇತ್ತು.

ತಲಾ ಒಂದು ಗೋಲು. ಇನ್ನು ಐದು ನಿಮಿಷ. ಆಗ ವಾಡಿಯ ಒಂಬತ್ತನೇ ನಂಬರಿನವನು ಶಹಾಬಾದಿನ ಗೋಲಿನ ಮುಂದೆ ಬಿದ್ದ. ಮೊದಲು ಒದರಿದ, ಆಮೇಲೆ ಬಿದ್ದ. ಪಾಠದ ಪ್ರಕಾರವೇ. ಆದರೆ ನನ್ನ ಮತ್ತು ಅವನ ನಡುವೆ ಮೂವರು ಅಡ್ಡ ಇದ್ದರು. ಯಾರಾದರೂ ಬಡಿದರೋ ಇಲ್ಲವೋ, ಆಣೆಗೂ ನನಗೆ ಕಾಣಲಿಲ್ಲ.

ಓಡಿಹೋಗಿ ಕೈ ನೋಡಿದೆ. ಕೈ ಒಂದೇ ಕಡೆ, ಬೆನ್ನ ಕೆಳಗೆ, ಅಲ್ಲಾಡದೆ ಇತ್ತು. ನನ್ನ ಪರೀಕ್ಷೆಯ ಪ್ರಶ್ನೆಪತ್ರಿಕೆ ಅವನಿಗೆ ಮೊದಲೇ ಸಿಕ್ಕಿತ್ತು ಅಂತ ಕಾಣುತ್ತದೆ. ಪೆನಾಲ್ಟಿ ಕೊಟ್ಟರೆ ಶಹಾಬಾದ್ ಸುಮ್ಮನಿರುವುದಿಲ್ಲ, ಕೊಡದಿದ್ದರೆ ವಾಡಿ ಬಿಡುವುದಿಲ್ಲ. ಎರಡೂ ಕಡೆ ಜನ ಎದ್ದು ನಿಂತು ಕಾಲಿನ ಕಡೆ ಬಗ್ಗತೊಡಗಿದ್ದರು. ಮೊದಲ ಫೈನಲ್ಲೇ ಕೊನೆಯ ಫೈನಲ್ ಆಯಿತಲ್ಲಪ್ಪಾ ಅಂದುಕೊಂಡೆ.

ಒಂಬತ್ತನೇ ನಂಬರಿನವನು ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದಿರುತ್ತಿದ್ದ. ಆದರೆ ಕಲಾವಿದ, ತಡೆಯಲಾಗಲಿಲ್ಲ. "ನಡಾ ಹಿಡೀತ್ರೀ ಮೇಡಂ! ನಡಾ ಹೋಯ್ತು!" ಅಂತ ಮುಗಿಲು ಮುಟ್ಟುವಂತೆ ಒದರಿದ.

ಜನರ ನಡುವಿನಿಂದ ನನಗೆ ಚೆನ್ನಾಗಿ ಗೊತ್ತಿರುವ ದನಿಯೊಂದು ಎದ್ದಿತು. "ನಡ ಹಿಡದದಂತ! ಯವ್ವಾ, ಬೂಟು ಬಿಚ್ಚು!"

ನಮ್ಮತ್ತೆ. ನನ್ನ ಕಾಲಿನ ಸುದ್ದಿ ಬಲ್ಲ ವಾಡಿಯವರು ನಕ್ಕರು. ಶಹಾಬಾದಿನವರಿಗೂ ಅದು ಹೊಸದಲ್ಲ, ಅವರೂ ನಕ್ಕರು. "ಬೂಟು ಬಿಚ್ರಿ ಮೇಡಂ! ಬೂಟು ಬಿಚ್ರಿ!" ಅಂತ ಎರಡೂ ಊರು ಒಂದೇ ದನಿಯಲ್ಲಿ ಕೂಗತೊಡಗಿತು. ಆ ಎರಡು ಊರು ಒಂದೇ ಮಾತು ಆಡಿದ್ದು ನಾನು ಕಂಡಂತೆ ಅದೇ ಮೊದಲು.

ರೆಫರಿ ಆಟಗಾರನನ್ನು ಒದೆಯುವಂತಿಲ್ಲ ಅಂತ ನನಗೆ ಗೊತ್ತು. ಆದರೆ ಬೂಟು ಬಿಚ್ಚಬಾರದು ಅಂತ ಯಾವ ನಿಯಮದಲ್ಲೂ ಇಲ್ಲ. ಅಲ್ಲೇ ನೆಲದ ಮೇಲೆ ಕೂತು ಎಡಗಾಲ ಬೂಟಿನ ಲೇಸು ಸಾವಕಾಶವಾಗಿ ಬಿಚ್ಚಿದೆ. ಬೂಟು ತೆಗೆದೆ. ಕಾಲುಚೀಲ ತೆಗೆದೆ. ಎದ್ದು ನಿಂತು ಅತ್ತೆಯ ಪ್ರಶ್ನೆಯನ್ನು ಅತ್ತೆಯ ದನಿಯಲ್ಲೇ ಕೇಳಿದೆ.

"ಖರೇ ನೋವದಲ್ಲ? ವಿಚಾರ ಮಾಡಿ ಹೇಳು."

ಅವನು ಕಣ್ಣು ತೆಗೆದು ನನ್ನ ಬರಿಗಾಲನ್ನು ನೋಡಿದ. ಹೈದರಾಬಾದಿನ ಕ್ಯಾಂಪು, ಕೋಚು, ನೋವಿಗೆ ಹೊಡೆಯುವ ತಣ್ಣನೆಯ ಸ್ಪ್ರೇ, ಎರಡು ಸೀಸನ್ನಿನ ಸಂಬಳ ಎಲ್ಲವೂ ಆ ಒಂದು ನೋಟದಲ್ಲಿ ಇಳಿದುಹೋಯಿತು. ಎಲ್ಲಿ ಆಡಿ ಬಂದರೇನು, ಹುಟ್ಟಿದ್ದು ವಾಡಿಯಲ್ಲೇ ಅಲ್ಲವೇ.

"ಆರಾಮಾಯ್ತ್ರೀ ಮೇಡಂ! ಒದೀಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ, ಒದೀಬ್ಯಾಡ್ರಿ!" ಅಂತ ಚಿಮ್ಮಿ ಎದ್ದವನು ನಡುಗೆರೆ ದಾಟುವವರೆಗೂ ತಿರುಗಿ ನೋಡಲಿಲ್ಲ.

ನಾನು ಒಂದು ಕೈಯಲ್ಲಿ ಬೂಟು, ಇನ್ನೊಂದು ಕೈಯಲ್ಲಿ ಹಳದಿ ಕಾರ್ಡು ಎತ್ತಿ ನಿಂತೆ. ವಾಡಿಯವರು ಕೂಡ ಚಪ್ಪಾಳೆ ತಟ್ಟಿದರು. ಆ ಫೈನಲ್‌ನಲ್ಲಿ ಪಾದರಕ್ಷೆ ಕೈಗೆ ತೆಗೆದುಕೊಂಡವಳು ಕೊನೆಗೆ ರೆಫರಿ ಒಬ್ಬಳೇ ಆದಳು.

ಪಂದ್ಯ ಸಮವಾಗಿ, ಪೆನಾಲ್ಟಿ ಒದೆತಗಳಲ್ಲಿ ವಾಡಿ ಗೆದ್ದಿತು. ಕೊನೆಯದನ್ನು ಹೊಡೆದವನು ಅದೇ ಒಂಬತ್ತನೇ ನಂಬರಿನವನು. ನನ್ನ ಮುಂದೆ ಹಾದುಹೋಗುವಾಗ ನಕ್ಕು, "ನಿಂತೂ ಆಡ್ಲಿಕ್ಕಿ ಬರ್ತದ ನೋಡ್ರಿ ಮೇಡಂ ನನಗ," ಅಂದ. ನಾನು ಕೊನೆಯ ಸೀಟಿ ಊದಿದೆ. ಅಷ್ಟು ಉದ್ದದ ಸೀಟಿ ಜೀವನದಲ್ಲೇ ಊದಿರಲಿಲ್ಲ. ಊದುತ್ತಾ ಊದುತ್ತಾ ಕಣ್ಣು ತುಂಬಿ ಬಂದವು.

ವಾಪಸ್

ಪಂದ್ಯ ನಡೆಯುವಾಗ ಬೆಂಚಿನ ಮೇಲೆ ಏನಾಯಿತು ಅನ್ನುವುದನ್ನು ಅಧ್ಯಕ್ಷರು ಆಮೇಲೆ ಹೇಳಿದರು. ಒಂಬತ್ತನೇ ನಂಬರಿನವನು ಎದ್ದು ಓಡಿದಾಗ ಸರ್ ಕೇಳಿದರಂತೆ: "ಅವನ್ಯಾಕ್ರೀ ಹಾಗೆ ಓಡಿದ?" ಅಧ್ಯಕ್ಷರು ಚಿಕಿತ್ಸೆಯ ಇನ್ನೊಂದು ಮುಖವನ್ನು ಬಿಡಿಸಿ ಹೇಳಿದರಂತೆ. ಸರ್ ನಡದ ಟವೆಲ್ ಬಿಗಿ ಮಾಡಿಕೊಂಡು, ಸಣ್ಣ ದನಿಯಲ್ಲಿ ಕೇಳಿದರಂತೆ: "ಈ ನಿಯಮ ಹೊರಗಿನ ಜಿಲ್ಲೆಯವರಿಗೂ ಅನ್ವಯಿಸುತ್ತಾ?"

"ನಡಕ್ಕ ಜಿಲ್ಲಾ ಗೊತ್ತಾಗ್ತದೇನ್ರೀ ಸರ?" ಅಂದರಂತೆ ಅಧ್ಯಕ್ಷರು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಸರ್ ನಿಂತಿದ್ದಾರೆ. ನಿಂತಿದ್ದಾರೆ ಅನ್ನುವುದು ತಪ್ಪು, ಬಾಗಿದ್ದಾರೆ. ಸೇಡಂನಿಂದ ಮೊದಲ ಬಸ್ಸಿಗೆ ಒಬ್ಬರೇ ಬಂದಿದ್ದರು. ಎರಡೂ ಕೈ ಬೆನ್ನಿನ ಒಂದೇ ಜಾಗದಲ್ಲಿ ಅಂಟಿಕೊಂಡಿದ್ದವು. ನಾನು ಎರಡು ನಿಮಿಷ ನೋಡಿದೆ. ನೋವು ಮನೆ ಬದಲಿಸಲಿಲ್ಲ. ಹೆದರಿಕೆಯಿಂದ ಸೆಟೆದುಕೊಂಡು ಸಂಜೆಯವರೆಗೆ ಫರ್ಸಿ ಬೆಂಚಿನ ಮೇಲೆ ಕೂತರೆ ಯಾರ ನಡವಾದರೂ ಹಿಡಿಯುತ್ತದೆ ಅಂತ ನನ್ನ ಓದು ಹೇಳಿತು. ಓದಿನ ಮಾತು ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

"ಮೇಡಂ, ನಿನ್ನೆ ಕೊಟ್ಟಿದ್ದನ್ನ ದಯವಿಟ್ಟು ವಾಪಸ್ ತಗೊಳ್ಳಿ," ಅಂದರು.

"ತಗೋತೀನಿ ಸರ್. ಮುಂದಿನ ವರ್ಷದ ಫೈನಲ್..." ಅಂತ ನಾನು ರಾಗ ಎಳೆದೆ.

"ನಿಮ್ಮದೇ ಮೇಡಂ. ಆ ಸೀಟಿ ನಿಮ್ಮ ಹತ್ರಾನೇ ಇರಲಿ. ಬಾವುಟ ನಾನು ಹಿಡೀತೀನಿ." ಇಷ್ಟು ಹೇಳಿ, ಯಾರೂ ಹೇಳದೆಯೇ ಹೊಸ್ತಿಲ ಮುಂದೆ ಬೋರಲು ಮಲಗಿಬಿಟ್ಟರು.

ನಾನು ಚಪ್ಪಲಿ ಬಿಟ್ಟು ಎಡಗಾಲು ಎತ್ತಿದ್ದೆ. ಒಳಗಿನಿಂದ ಅತ್ತೆ ಬಂದು ಅಡ್ಡ ನಿಂತರು.

"ತಡಿಯವಾ. ಖರೇ ನೋವದಲ್ರೀ ಸರ?"

"ನಿಜ ಅಮ್ಮಾ! ದೇವರಾಣೆಗೂ ನಿಜ!"

"ವಿಚಾರ ಮಾಡಿ ಹೇಳ್ರಿ," ಅಂದರು ಅತ್ತೆ. "ನಿನ್ನಿ ಮ್ಯಾಚ್ ನೋಡಿ ನಂಗೂ ಎಲ್ಲಾ ತಿಳದದ. ನಿಮಗ ಒಂದು ಹಳದಿ ನಿನ್ನಿ ಮುಂಜಾನಿ ಇಲ್ಲೇ ಬಿದ್ದದ. ಎರಡನೇದು ಬಿತ್ತಂದ್ರ ಕೆಂಪು."